ಗಾಜಿನ ಕೆರೆ: ಬೇಳೆ ಬೇಯದ ನೀರಿಗೆ ಯಾವ ಮೀನು?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಸಿಕ್ಲಿಡ್ ಅನ್ನುವ ಮೀನಿನ ಕುಟುಂಬದ ಬಗ್ಗೆಯೇ ಇವೆ. ಏಂಜೆಲ್, ಆಸ್ಕರ್ ಎಲ್ಲ ಇದೇ ಕುಟುಂಬದವು. ಹೊಸ ಓದುಗರಿಗೆ ಒಂದು ಮಾತು ಹೇಳಿಬಿಡುತ್ತೇನೆ. ನಾನು ಮೀನಿನ ಡಾಕ್ಟರಲ್ಲ, ಮೀನಿನ ಅಂಗಡಿಯೂ ಇಟ್ಟಿಲ್ಲ. ಕೋಲಾರದಲ್ಲಿ ಬೋರ್‌ವೆಲ್ ಮೋಟಾರ್ ರೀವೈಂಡಿಂಗ್ ಮಾಡುತ್ತೇನೆ. ಹಗಲು ಸುಟ್ಟ ಮೋಟಾರು, ಸಂಜೆ ಮೀನು. 22 ವರ್ಷದಿಂದ ಹೀಗೇ ನಡೆದಿದೆ. ಗೊತ್ತಿರುವುದರಲ್ಲಿ ಅರ್ಧ ನನ್ನ ಕೈಯಲ್ಲಿ ಸತ್ತ ಮೀನುಗಳು ಕಲಿಸಿದ್ದು.

ಪ್ರಶ್ನೆ: ಸಾರ್, ಮಗನ ಹುಟ್ಟುಹಬ್ಬಕ್ಕೆ 3 ಅಡಿ ಉದ್ದ, 15 ಇಂಚು ಅಗಲ, 18 ಇಂಚು ಎತ್ತರದ ಟ್ಯಾಂಕ್ ಮಾಡಿಸಿದ್ದೇವೆ. ಇನ್ನೂ ಮೀನು ಬಿಟ್ಟಿಲ್ಲ. ಅಂಗಡಿಯವರು ಒಂದು ಜೋಡಿ ಆಸ್ಕರ್, ನಾಲ್ಕು ಬಣ್ಣದ ‘ಚಿಕ್ಲೆಟ್ಸ್’, ಎರಡು ಏಂಜೆಲ್ ಹಾಕಿ, ಭರ್ತಿಯಾಗಿ ಕಾಣುತ್ತೆ ಅಂತಿದ್ದಾರೆ. ನಮ್ಮದು ಬೋರ್ ನೀರು. ಬೇಳೆ ಬೇಯಲ್ಲ, ಸೋಪು ನೊರೆ ಬರಲ್ಲ. ಇದರಲ್ಲಿ ಮೀನು ಬದುಕುತ್ತಾ? ಯಾವುದನ್ನು ತರಲಿ?
– ಓದುಗಿ, ಮಾಲೂರು

ಉತ್ತರ: ಅಮ್ಮ, ಮೀನು ತರುವ ಮೊದಲು ಕೇಳಿದಿರಲ್ಲ, ಅದಕ್ಕೆ ಮೊದಲು ನಿಮಗೆ ನಮಸ್ಕಾರ. ನನಗೆ ಬರುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು ಮೀನು ಸತ್ತ ಮೇಲೆ ಬರುತ್ತವೆ.

ನಿಮ್ಮ ನೀರಿನ ಬಗ್ಗೆ ನೀವು ಬೇಜಾರಿನಿಂದ ಬರೆದಿದ್ದೀರಿ. ನನಗೆ ಖುಷಿಯಾಯಿತು. ಬೇಳೆ ಬೇಯದ ನೀರು ಅಂದರೆ ಗಡಸು ನೀರು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ. ನಾನು ದಿನಾ ನೋಡುವ ನೀರೇ ಇದು. ಮೋಟಾರ್ ರಿಪೇರಿಗೆ ಅಂತ ಬೋರಿನಿಂದ ಪೈಪು ಎತ್ತಿದಾಗ ಒಳಗಡೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕೂತಿರುತ್ತದೆ. ಉಳಿಯಲ್ಲಿ ಕೆರೆದರೆ ಚಕ್ಕೆ ಚಕ್ಕೆಯಾಗಿ ಉದುರುತ್ತದೆ. ಆ ಚಕ್ಕೆಯ ಮೇಲೆ ನಿಂಬೆಹಣ್ಣು ಹಿಂಡಿದರೆ ಬುಸಬುಸ ಅನ್ನುತ್ತದೆ. ನಿಮ್ಮ ನೀರು ಕಾಯಿಸುವ ಪಾತ್ರೆಯ ತಳ ನೋಡಿ, ಅಲ್ಲೂ ಅದೇ ಇರುತ್ತದೆ. ಬೇಳೆಗೆ, ಗೀಸರಿಗೆ, ತಲೆಕೂದಲಿಗೆ ಈ ನೀರು ಶತ್ರು. ಆದರೆ ಆಫ್ರಿಕಾದ ಒಂದು ಸರೋವರದ ಮೀನುಗಳಿಗೆ ಇದು ಒಗ್ಗುತ್ತದೆ.

ಆ ಸರೋವರದ ಹೆಸರು ಮಲಾವಿ. ಮಲಾವಿ, ಮೊಜಾಂಬಿಕ್, ಟಾಂಜಾನಿಯಾ ಈ ಮೂರು ದೇಶಗಳ ನಡುವೆ ಇದೆ. ಉದ್ದ ಸುಮಾರು 580 ಕಿಲೋಮೀಟರ್. ಬೆಂಗಳೂರಿನಿಂದ ಹೈದರಾಬಾದಿಗೆ ಹೋದಷ್ಟು ದೂರ ಬರೀ ನೀರೇ ಅಂದುಕೊಳ್ಳಿ. ಅಲ್ಲಿ ನೂರಾರು ಬಗೆಯ ಸಿಕ್ಲಿಡ್‌ಗಳಿವೆ. ಹೆಚ್ಚಿನವು ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಆ ನೀರಿನ ಪಿಎಚ್ 7.7ರಿಂದ 8.6ರ ತನಕ ಇರುತ್ತದೆ, ಅಂದರೆ ಕ್ಷಾರದ ಕಡೆಗೆ ವಾಲಿದ ನೀರು. ನನ್ನ ಮನೆಯ ಬೋರ್ ನೀರು ಒಂದು ದಿನ ಡ್ರಮ್ಮಿನಲ್ಲಿ ಕೂತ ಮೇಲೆ 8.1 ತೋರಿಸುತ್ತದೆ. ನಿಮ್ಮದೂ ಅದರ ಆಸುಪಾಸು ಇರಬಹುದು. ನಮ್ಮ ನೀರು ಅಲ್ಲಿಯದಕ್ಕಿಂತ ಗಡಸು, ನಿಜ. ಆದರೂ ಈ ಮೀನುಗಳು ಅದನ್ನು ತಡೆದುಕೊಳ್ಳುತ್ತವೆ. ಬೆಂಗಳೂರಿನಲ್ಲಿ ಕಾವೇರಿ ನೀರು ಬರುವ ಮನೆಯವರು ಈ ಮೀನು ಸಾಕಲು ನೀರಿಗೆ ಪುಡಿ ಬೆರೆಸುತ್ತಾರೆ. ನಮಗೆ ನಲ್ಲಿ ತಿರುಗಿಸಿದರೆ ಸಾಕು.

ಆದರೂ ಒಂದು ಸಲ 150 ರೂಪಾಯಿಯ ಪಿಎಚ್ ಕಿಟ್ ತಂದು ನೀವೇ ನೋಡಿಬಿಡಿ. ಟಿಡಿಎಸ್ ಮೀಟರ್ ಒಂದನ್ನೇ ನಂಬಬೇಡಿ. ಅದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಹೇಳುತ್ತದೆ, ಏನು ಕರಗಿದೆ ಅಂತ ಹೇಳುವುದಿಲ್ಲ. ಅಡುಗೆ ಉಪ್ಪು ಹಾಕಿದರೂ ಟಿಡಿಎಸ್ ಏರುತ್ತದೆ.

ಈಗ ಟ್ಯಾಂಕಿನ ಲೆಕ್ಕ. ನಿಮ್ಮ ಅಳತೆ ಸೆಂಟಿಮೀಟರಿನಲ್ಲಿ 91, 38, 45. ಮೂರನ್ನೂ ಗುಣಿಸಿ ಸಾವಿರದಿಂದ ಭಾಗಿಸಿ. 155 ಲೀಟರ್ ಬರುತ್ತದೆ. ಅಂಗಡಿಯವರು ಈ ಲೆಕ್ಕವನ್ನೇ ಹೇಳಿರುತ್ತಾರೆ. ಆದರೆ ಮೇಲೆ ಎರಡು ಇಂಚು ಖಾಲಿ ಬಿಡಬೇಕು, ಒಳಗೆ ಮರಳು, ಕಲ್ಲು ಕೂರಬೇಕು. ನಿಜವಾಗಿ ನೀರು ಹಿಡಿಯುವುದು 125ರಿಂದ 130 ಲೀಟರ್. ಇದು ಮಧ್ಯಮ ಗಾತ್ರದ ಟ್ಯಾಂಕ್. ಚೆನ್ನಾಗಿಯೇ ಇದೆ. ಆದರೆ ಆಸ್ಕರ್‌ಗೆ ಸಾಲದು.

ಅಂಗಡಿಯಲ್ಲಿ ಆಸ್ಕರ್ ಎರಡು ಇಂಚು ಇರುತ್ತದೆ. ಕಣ್ಣು ಪಿಳಿಪಿಳಿ ಬಿಡುತ್ತಾ ಮಗುವಿನ ಹಾಗೆ ನಿಮ್ಮ ಹಿಂದೆ ಹಿಂದೆ ಬರುತ್ತದೆ. ಮಗ ಅದನ್ನೇ ಬೇಕು ಅಂತಾನೆ, ನನಗೆ ಗೊತ್ತು. ಒಂದು, ಒಂದೂವರೆ ವರ್ಷದಲ್ಲಿ ಅದು ಒಂದಡಿ ಉದ್ದ ಬೆಳೆಯುತ್ತದೆ. ನಿಮ್ಮ ಟ್ಯಾಂಕಿನ ಅಗಲ 15 ಇಂಚು. ಎರಡು ಆಸ್ಕರ್ ಅದರಲ್ಲಿ ತಿರುಗುವುದು ಅಂದರೆ ಆಟೋದೊಳಗೆ ಎಮ್ಮೆ ಕಟ್ಟಿದ ಹಾಗೆ. ಅವು ಬೆಳೆಯುತ್ತಾ ಬಂದಂತೆ ಏಂಜೆಲ್‌ಗಳು ಬಾಲದ ಕಡೆಯಿಂದ ಮಾಯವಾಗುತ್ತಾ ಬರುತ್ತವೆ. ಏಂಜೆಲ್, ಆಸ್ಕರ್ ದಕ್ಷಿಣ ಅಮೆರಿಕದವು. ಆ ‘ಚಿಕ್ಲೆಟ್ಸ್’ ಆಫ್ರಿಕಾದವು. ನೀರು ಬೇರೆ, ಊಟ ಬೇರೆ, ಜಗಳ ಆಡುವ ರೀತಿಯೂ ಬೇರೆ. ಮೂರನ್ನೂ ಒಂದೇ ಗಾಜಿನೊಳಗೆ ಹಾಕಬೇಡಿ. (ಚಿಕ್ಲೆಟ್ ಅಂದರೆ ಚೂಯಿಂಗ್ ಗಮ್ಮು. ಮೀನಿನ ಹೆಸರು ಸಿಕ್ಲಿಡ್. ಆದರೆ ಅಂಗಡಿಯಲ್ಲಿ ತಿದ್ದೋಕೆ ಹೋಗಬೇಡಿ, ರೇಟು ಜಾಸ್ತಿ ಮಾಡ್ತಾರೆ.)

ನಿಮಗೆ ನಾನು ಹೇಳುವುದು ಯೆಲ್ಲೋ ಲ್ಯಾಬ್. ಅಂಗಡಿಯಲ್ಲಿ ಎಲೆಕ್ಟ್ರಿಕ್ ಯೆಲ್ಲೋ ಅಂತಾರೆ. ಲಿಂಬೆಹಣ್ಣಿನ ಹಳದಿ, ಬೆನ್ನಿನ ರೆಕ್ಕೆಗೆ ಕಾಡಿಗೆ ಎಳೆದ ಹಾಗೆ ಒಂದು ಕಪ್ಪು ಗೆರೆ. ನಾಲ್ಕು ಇಂಚಿನ ಆಸುಪಾಸಿಗೆ ಬೆಳವಣಿಗೆ ನಿಲ್ಲುತ್ತದೆ. ಮಲಾವಿಯ ಬಂಡೆ ಸಂದುಗಳಲ್ಲಿ ಬದುಕುವ ಕಲ್ಲು ಮೀನುಗಳಲ್ಲಿ ಇಷ್ಟು ಸಾಧು ಜಾತಿ ಕಡಿಮೆ. ಆರು ಯೆಲ್ಲೋ ಲ್ಯಾಬ್ ತನ್ನಿ. ಜೊತೆಗೆ ಆರು ರಸ್ಟಿ ಸಿಕ್ಲಿಡ್. ರಸ್ಟಿ ನೋಡೋಕೆ ಮೊದಲ ದಿನ ಸಪ್ಪೆ ಅನ್ನಿಸುತ್ತದೆ, ತುಕ್ಕಿನ ಬಣ್ಣ. ಒಂದು ತಿಂಗಳು ಕಳೆದ ಮೇಲೆ ಸಂಜೆ ಲೈಟು ಹಾಕಿ ನೋಡಿ. ತುಕ್ಕಿನ ಒಳಗಿಂದ ನೇರಳೆ ಬಣ್ಣ ಹೊಳೆಯುತ್ತದೆ. ಹಳದಿಯ ಪಕ್ಕ ಅದು ಎದ್ದು ಕಾಣುತ್ತದೆ. ಎರಡೂ ಒಂದೇ ಅಳತೆಯ ಮರಿಗಳಿರಲಿ, ಒಂದೂವರೆ ಇಂಚಿನವು. ಒಂದೇ ದಿನ ಬಿಡಿ. ಮೊದಲು ಬಂದವನು ಇಡೀ ಟ್ಯಾಂಕ್ ತನ್ನದು ಅಂತ ಖಾತೆ ಮಾಡಿಸಿಕೊಂಡುಬಿಡುತ್ತಾನೆ.

ಒಟ್ಟು ಹನ್ನೆರಡು ಜಾಸ್ತಿ ಆಗಲಿಲ್ವಾ ಅಂತ ನೀವು ಕೇಳಬಹುದು. ಬೇರೆ ಮೀನಾದರೆ ಜಾಸ್ತಿಯೇ. ಈ ಕಲ್ಲು ಮೀನುಗಳಲ್ಲಿ ಮೂರೇ ಇಟ್ಟರೆ ಬಲವಾದದ್ದು ಉಳಿದ ಎರಡನ್ನು ಹಿಂದೆ ಬಿದ್ದು ಕೊಲ್ಲುತ್ತದೆ. ಹತ್ತು ಹನ್ನೆರಡಿದ್ದರೆ ಯಾರ ಹಿಂದೆ ಓಡುವುದು ಅಂತ ಅದಕ್ಕೇ ತಿಳಿಯುವುದಿಲ್ಲ, ಏಟು ಹಂಚಿಹೋಗುತ್ತದೆ. ಬೆಳೆದ ಮೇಲೆ ಒಂದು ಗಂಡಿಗೆ ಮೂರು ಹೆಣ್ಣು ಉಳಿಸಿಕೊಳ್ಳಿ. ಹೆಚ್ಚಿನ ಗಂಡುಗಳನ್ನು ಅಂಗಡಿಗೆ ವಾಪಸ್ ಕೊಡಿ. ಇಷ್ಟು ಮೀನು ಇಟ್ಟರೆ ಫಿಲ್ಟರು ಗಟ್ಟಿ ಇರಬೇಕು. ಗಂಟೆಗೆ 800ರಿಂದ 1,000 ಲೀಟರ್ ತಿರುಗಿಸುವಂಥದ್ದು ತನ್ನಿ. ವಾರಕ್ಕೊಮ್ಮೆ ಎರಡು ದೊಡ್ಡ ಬಕೆಟ್, ಅಂದರೆ 40 ಲೀಟರ್ ತೆಗೆದು ಹೊಸ ನೀರು ಹಾಕಬೇಕು. ಬೋರ್ ನೀರನ್ನು ನೇರ ಹಾಕಬೇಡಿ. ಸಾವಿರ ಅಡಿ ಕೆಳಗಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಒಂದು ದಿನ ಡ್ರಮ್ಮಿನಲ್ಲಿಟ್ಟು ಗಾಳಿ ಪಂಪ್ ಬಿಡಿ. ತೆಗೆದ ನೀರನ್ನು ಚರಂಡಿಗೆ ಸುರಿಯಬೇಡಿ, ಕರಿಬೇವಿನ ಗಿಡಕ್ಕೆ ಹಾಕಿ. ನಮ್ಮ ಮನೆಯ ಕರಿಬೇವು ಕಾಂಪೌಂಡ್ ದಾಟಿ ಪಕ್ಕದವರ ಸಾರಿಗೂ ಹೋಗುತ್ತಿದೆ.

ಬಣ್ಣ ಬಣ್ಣದ ‘ಮಿಕ್ಸ್’ ತೊಟ್ಟಿಯಿಂದ ಮಾತ್ರ ಆರಿಸಬೇಡಿ. ಇದಕ್ಕೊಂದು ಕತೆ ಇದೆ. 2009ರಲ್ಲಿ ಬೆಂಗಳೂರಿನ ಒಂದು ಅಂಗಡಿಯಿಂದ ಆರು ಮಿಕ್ಸ್ ಮರಿ ತಂದೆ. ಅದರಲ್ಲಿ ಒಂದು ಚಿನ್ನದ ಬಣ್ಣದ್ದು, ಮೈಮೇಲೆ ಉದ್ದಕ್ಕೆ ಕಪ್ಪು ಪಟ್ಟೆ. ಮನೆಯವಳಿಗೆ ಅದೇ ಇಷ್ಟ. ಐದನೇ ತಿಂಗಳಿಗೆ ಅದರ ಬಣ್ಣ ತಿರುಗತೊಡಗಿತು. ಚಿನ್ನ ಇದ್ದ ಕಡೆ ಕಪ್ಪು, ಕಪ್ಪು ಇದ್ದ ಕಡೆ ತಿಳಿನೀಲಿ. ಫೋಟೋದ ನೆಗೆಟಿವ್ ನೋಡಿದ ಹಾಗೆ. ಮೀನಿಗೆ ಕಾಯಿಲೆ ಅಂತ ನಾನು ಉಪ್ಪು ಹಾಕಿದೆ. ಅದಕ್ಕೆ ಯಾವ ಕಾಯಿಲೆಯೂ ಇರಲಿಲ್ಲ, ಅದು ಯಜಮಾನ ಗಂಡಾಗುತ್ತಿತ್ತು. ಆರಾಟಸ್ ಅನ್ನುವ ಜಾತಿ, ಮಲಾವಿಯ ದೊಡ್ಡ ರೌಡಿಗಳಲ್ಲಿ ಒಂದು. ಎಂಟನೇ ತಿಂಗಳಿಗೆ ಟ್ಯಾಂಕಿನಲ್ಲಿ ಅದೊಂದೇ ಉಳಿಯಿತು. ಕೊನೆಯದು ಸಾಯುವ ಮೊದಲು ಎರಡು ದಿನ ಹೀಟರಿನ ಹಿಂದೆ, ಮೇಲಿನ ಮೂಲೆಯಲ್ಲಿ, ತಲೆ ಮೇಲೆ ಮಾಡಿ ನಿಂತಿತ್ತು. ಮೀನು ಹಾಗೆ ಮೂಲೆಯಲ್ಲಿ ನೆಟ್ಟಗೆ ನಿಂತಿದ್ದು ಕಂಡರೆ ಯಾರೋ ಅದನ್ನು ಹೊಡೆಯುತ್ತಿದ್ದಾರೆ ಅಂತ ತಿಳಿಯಿರಿ. ಆಗ ನನಗೆ ತಿಳಿಯಲಿಲ್ಲ.

ಕಲ್ಲಿನ ವಿಷಯಕ್ಕೆ ಬರೋಣ. ಕೋಲಾರದ ಅಂತರಗಂಗೆ ಬೆಟ್ಟ ಹತ್ತಿದ್ದೀರಲ್ವಾ? ಬಂಡೆಯ ಮೇಲೆ ಬಂಡೆ, ನಡುವೆ ನುಸುಳಿಕೊಂಡು ಹೋಗುವ ಸಂದು, ಒಳಗೆ ಕತ್ತಲೆ ಗುಹೆ. ಆ ಬೆಟ್ಟ ಮುಳುಗುವಷ್ಟು ನೀರು ತುಂಬಿದರೆ ಹೇಗಿರುತ್ತೆ ಅಂತ ಊಹಿಸಿ. ಮಲಾವಿಯ ಕಲ್ಲು ಮೀನುಗಳ ಮನೆ ಹಾಗೇ ಇರುತ್ತದೆ. ಅವುಗಳನ್ನು ‘ಎಂಬೂನಾ’ ಅಂತಾರೆ, ಅಲ್ಲಿಯ ಭಾಷೆಯಲ್ಲಿ ಬಂಡೆ ಮೀನು ಅಂತಲೇ ಅರ್ಥ. ಮುಷ್ಟಿ ಗಾತ್ರದಿಂದ ತೆಂಗಿನಕಾಯಿ ಗಾತ್ರದ ತನಕ ಕಲ್ಲು ಜೋಡಿಸಿ, ಒಂದರ ಹಿಂದೊಂದು ಸಂದು ಬಿಡಿ. ಅಟ್ಟಿಸಿಕೊಂಡು ಬಂದವನಿಂದ ತಪ್ಪಿಸಿಕೊಳ್ಳೋಕೆ ಎರಡು ಬಾಗಿಲಿರುವ ಸಂದು ಬೇಕು. ಒಂದೇ ಬಾಗಿಲಾದರೆ ಒಳಗೆ ಹೋದ ಮೀನು ಸಿಕ್ಕಿಬೀಳುತ್ತದೆ.

ಮೊದಲು ತಳದ ಗಾಜಿನ ಮೇಲೆ ತೆಳು ಥರ್ಮಾಕೋಲ್ ಹಾಸಿ, ಅದರ ಮೇಲೆ ಕಲ್ಲು, ಆಮೇಲೆ ಮರಳು. ಮರಳು ಹಾಕಿ ಅದರ ಮೇಲೆ ಕಲ್ಲು ಇಟ್ಟರೆ ಇವು ಅಡಿಯಿಂದ ತೋಡುತ್ತವೆ, ಕಲ್ಲು ಜಾರಿ ಗಾಜಿಗೆ ಬಡಿಯುತ್ತದೆ. ನಮ್ಮ ಕಡೆಯ ಗ್ರಾನೈಟ್ ಒಳ್ಳೆಯದು, ನೀರಿಗೆ ಏನೂ ಬಿಡುವುದಿಲ್ಲ. ಕ್ರಷರಿನ ಜಲ್ಲಿ ಮಾತ್ರ ಬೇಡ, ಅಂಚು ಚೂಪು, ಮೈ ತರಚುತ್ತದೆ. ಹೊಲದ ಬದುವಿನಲ್ಲಿ ಉರುಳಿ ನುಣುಪಾದ ಕಲ್ಲು ಸಿಕ್ಕರೆ ಬ್ರಷ್ ಹಾಕಿ ಉಜ್ಜಿ ತೊಳೆದು, ಬಿಸಿಲಿನಲ್ಲಿ ಒಣಗಿಸಿ ಹಾಕಿ. ಔಷಧಿ ಹೊಡೆಯುವ ಟೊಮೇಟೊ ತೋಟದ ಬದುವಿನದ್ದು ಬೇಡ. ಕೆಜಿಎಫ್ ಕಡೆಯ ಓದುಗರಿಗೂ ಒಂದು ಮಾತು. ಗಣಿ 2001ರಲ್ಲಿ ಮುಚ್ಚಿದರೂ ಸೈನೈಡ್ ಗುಡ್ಡಗಳು ಹಾಗೇ ಇವೆ. ಆ ಮರಳು ನಯವಾಗಿ, ಬಿಳಿಯಾಗಿ ಚೆಂದ ಕಾಣುತ್ತದೆ. ಅದು ಚಿನ್ನ ತೆಗೆದು ಉಳಿದ ಅದಿರಿನ ಪುಡಿ. ಟ್ಯಾಂಕಿನ ಹತ್ತಿರಕ್ಕೂ ತರಬೇಡಿ.

ಮುಖ್ಯವಾದ ಮಾತು ಒಂದು ಬಾಕಿ ಇದೆ. ಟ್ಯಾಂಕಿಗೆ ನೀರು ತುಂಬಿದ ಮರುದಿನವೇ ಹನ್ನೆರಡು ಮೀನು ಬಿಡಬೇಡಿ. ಮೀನಿನ ಹೇಲು, ಉಚ್ಚೆಯಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ಫಿಲ್ಟರಿನ ಸ್ಪಂಜಿನಲ್ಲಿ ನೆಲೆಯಾಗಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ ಹೋಗಿ ನೈಟ್ರೈಟ್, ನೈಟ್ರೈಟ್ ಹೋಗಿ ನೈಟ್ರೇಟ್. ನೈಟ್ರೇಟನ್ನು ನಾವು ಬಕೆಟ್ಟಿನಲ್ಲಿ ಹೊರಗೆ ಹಾಕುತ್ತೇವೆ. ನಮ್ಮ ನೀರಿನಿಂದ ಇಷ್ಟು ಹೊತ್ತು ಹೇಳಿದ ಲಾಭವೆಲ್ಲ ಇದ್ದರೂ ನಷ್ಟ ಒಂದಿದೆ. ಪಿಎಚ್ ಏರಿದಷ್ಟೂ ಅಮೋನಿಯಾ ಹೆಚ್ಚು ವಿಷವಾಗುತ್ತದೆ. ಮೆದು ನೀರಿನಲ್ಲಿ ಮೀನು ಸಹಿಸಿಕೊಳ್ಳುವಷ್ಟು ಅಮೋನಿಯಾ ನಮ್ಮ ನೀರಿನಲ್ಲಿ ಅದನ್ನು ಕೊಲ್ಲಬಹುದು. ಅದಕ್ಕೇ ನಮ್ಮೂರಿನಲ್ಲಿ ಹೊಸ ಟ್ಯಾಂಕಿನ ಮೀನು ಮೊದಲ ವಾರ ಚೆನ್ನಾಗಿದ್ದು ಎರಡನೇ ವಾರ ಸಾಲಾಗಿ ತೇಲುವುದು. ಹಳೆಯ ಟ್ಯಾಂಕ್ ಇರುವವರ ಹತ್ತಿರ ಕೊಳಕು ಸ್ಪಂಜು ಕೇಳಿ ತನ್ನಿ. ಅದನ್ನು ನಿಮ್ಮ ಫಿಲ್ಟರಿನಲ್ಲಿ ಹಾಕಿದರೆ ಕಾಯುವ ದಿನ ಕಡಿಮೆಯಾಗುತ್ತದೆ. ಹೆಪ್ಪು ಹಾಕದೆ ಮೊಸರಾಗುತ್ತಾ? ಮುಂದೆ ಆ ಸ್ಪಂಜನ್ನು ನಲ್ಲಿಯಡಿ ಹಿಡಿದು ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ಹಿಂಡಿ.

ಊಟಕ್ಕೆ ಸ್ಪಿರುಲಿನಾ ಅನ್ನುವ ಪಾಚಿ ಇರುವ ಸಣ್ಣ ಕಾಳು, ದಿನಕ್ಕೆ ಎರಡು ಸಲ, ಒಂದು ನಿಮಿಷದಲ್ಲಿ ಮುಗಿಯುವಷ್ಟು. ಇವು ಬಂಡೆಯ ಮೇಲಿನ ಪಾಚಿ, ಅದರಲ್ಲಿರುವ ಸಣ್ಣ ಹುಳು ಕೆರೆದು ತಿನ್ನುವ ಜಾತಿ. ಚಿಕನ್ ಚೂರು, ಟ್ಯೂಬಿಫೆಕ್ಸ್ ಹುಳ ಹಾಕಿದರೆ ಹೊಟ್ಟೆ ಉಬ್ಬರ ಬಂದು ಸಾಯುತ್ತವೆ. ವಾರಕ್ಕೊಮ್ಮೆ ಬೆಂದ ಬಟಾಣಿಯ ಸಿಪ್ಪೆ ಸುಲಿದು ಚಿವುಟಿ ಹಾಕಿ. ಮಗನ ಕೈಯಲ್ಲೇ ಹಾಕಿಸಿ. ಆದರೆ ಡಬ್ಬಿ ಮಾತ್ರ ಅವನ ಕೈಗೆ ಎಟುಕದ ಕಡೆ ಇಡಿ.

ಡಿಸೆಂಬರ್, ಜನವರಿಯಲ್ಲಿ ನಮ್ಮ ಕಡೆ ರಾತ್ರಿ ಚಳಿ ಜೋರು. 100 ಅಥವಾ 150 ವ್ಯಾಟಿನ ಹೀಟರ್ ಹಾಕಿ 25 ಡಿಗ್ರಿಗೆ ಇಡಿ. ಕರೆಂಟಿನ ಬಗ್ಗೆ ನಾನು ಹೇಳಬೇಕಿಲ್ಲ. ಬ್ಯಾಟರಿಯ ಗಾಳಿ ಪಂಪ್ ಒಂದು ಮನೆಯಲ್ಲಿರಲಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ವಿದ್ಯಾರ್ಥಿ. ಮನೆಯಲ್ಲಿ ಎರಡೂವರೆ ಅಡಿ ಟ್ಯಾಂಕ್ ಇದೆ. ಏಂಜೆಲ್ ಮತ್ತು ಬ್ಲೂ ರ‍್ಯಾಮ್ ಸಾಕಬೇಕು ಅಂತ ಆಸೆ. ಮೆದು ನೀರು ಬೇಕು ಅಂತ ಓದಿ, 5 ರೂಪಾಯಿ ಕಾಯಿನ್ ಹಾಕುವ ಘಟಕದಿಂದ ಕ್ಯಾನ್‌ಗಟ್ಟಲೆ ಆರ್‌ಒ ನೀರು ತಂದು ಪೂರ್ತಿ ತುಂಬಿದ್ದೇನೆ. ಮೊದಲ ಜೋಡಿ ರ‍್ಯಾಮ್ ಹತ್ತು ದಿನದಲ್ಲಿ ಸತ್ತವು. ಎಲ್ಲಿ ತಪ್ಪಾಯಿತು?
– ಓದುಗ, ಚಿಂತಾಮಣಿ

ಉತ್ತರ: ತಮ್ಮ, ಓದಿದ್ದು ಸರಿ, ಮಾಡಿದ್ದು ಅತಿಯಾಯಿತು. ಆರ್‌ಒ ನೀರಿನಲ್ಲಿ ಉಪ್ಪಿನ ಅಂಶವೆಲ್ಲ ಹೆಚ್ಚು ಕಡಿಮೆ ಹೋಗಿರುತ್ತದೆ. ಪಿಎಚ್ಚನ್ನು ಹಿಡಿದು ನಿಲ್ಲಿಸುವ ಶಕ್ತಿಯೂ ಅದರ ಜೊತೆಗೇ ಹೋಗಿರುತ್ತದೆ. ಮೀನಿನ ಹೊಲಸು ಸೇರುತ್ತಿದ್ದಂತೆ ಪಿಎಚ್ ದಡದಡ ಇಳಿಯುತ್ತದೆ. ಫಿಲ್ಟರಿನ ಸೂಕ್ಷ್ಮಜೀವಿಗಳೂ ಕೆಲಸ ನಿಲ್ಲಿಸುತ್ತವೆ. ಮುಂದಿನ ಸಲ ಆರ್‌ಒ ಎರಡು ಪಾಲು, ಬೋರ್ ಒಂದು ಪಾಲು ಬೆರೆಸು. ಪ್ರತಿ ವಾರವೂ ಅದೇ ಅಳತೆ ಇರಲಿ.

ಆದರೆ ನನ್ನ ಮಾತು ಕೇಳುವುದಾದರೆ ರ‍್ಯಾಮ್ ಬಿಡು. ಅದು ಎರಡು ಇಂಚಿನ ಚೆಲುವೆ, ನಿಜ. 27, 28 ಡಿಗ್ರಿ ಬಿಸಿ ಬೇಕು, ಮೆದು ನೀರು ಬೇಕು, ಹಳೆಯ ಟ್ಯಾಂಕ್ ಬೇಕು. ನಿನ್ನ ಟ್ಯಾಂಕಿಗೆ ಇನ್ನೂ ಹತ್ತೇ ದಿನ. ಏಂಜೆಲ್ ಹಾಗಲ್ಲ. ಇಲ್ಲಿ ಸಿಗುವ ಏಂಜೆಲ್‌ಗಳು ಅಮೆಜಾನ್ ಕಂಡಿಲ್ಲ, ಚೆನ್ನೈನ ಕೊಳತ್ತೂರು ಕಡೆಯ ಸಾಕಣೆ ತೊಟ್ಟಿಗಳಲ್ಲಿ ಹುಟ್ಟಿ ಬೆಳೆದವೇ ಹೆಚ್ಚು. ಗಡಸು ನೀರಿಗೆ ತಲೆಮಾರುಗಳಿಂದ ಒಗ್ಗಿವೆ. ಅರ್ಧ ಬೋರ್, ಅರ್ಧ ಆರ್‌ಒ ಅವಕ್ಕೆ ಸಾಕು. ಉದ್ದಕ್ಕಿಂತ ಎತ್ತರ ನೋಡು. ರೆಕ್ಕೆ ಸೇರಿ ಏಂಜೆಲ್ ಎಂಟು ಇಂಚು ಎತ್ತರ ಆಗುತ್ತದೆ, ನೀರು 16 ಇಂಚಾದರೂ ನಿಲ್ಲಬೇಕು. ಐದು ಮರಿ ತಂದು, ಒಂದು ಜೋಡಿ ಕಟ್ಟಿಕೊಂಡ ಮೇಲೆ ಉಳಿದ ಮೂರನ್ನು ಯಾರಿಗಾದರೂ ಕೊಡು. ಜೊತೆಗೆ ನಿಯಾನ್ ಟೆಟ್ರಾ ಹಾಕಬೇಡ. ಅದು ಏಂಜೆಲ್‌ಗೆ ಸಂಜೆ ತಿಂಡಿ.

ಇನ್ನೊಂದು ಸಾಲು ಬರೆದಿದ್ದೀಯ, ಮನೆಯ ಆರ್‌ಒ ಮಿಷಿನ್ ಹೊರಗೆ ಬಿಡುವ ವೇಸ್ಟ್ ನೀರನ್ನು ಸ್ನೇಹಿತನ ಆಫ್ರಿಕನ್ ಟ್ಯಾಂಕಿಗೆ ಕೊಡಬಹುದಾ ಅಂತ. ಉಳಿತಾಯದ ಯೋಚನೆ ಚೆನ್ನಾಗಿದೆ. ಆದರೆ ಆ ನೀರಿನಲ್ಲಿ ಫ್ಲೋರೈಡ್, ನೈಟ್ರೇಟ್ ಎಲ್ಲ ಇನ್ನೂ ಮಂದವಾಗಿ ಸೇರಿರುತ್ತವೆ. ಬಚ್ಚಲು ತೊಳೆಯೋಕೆ ಇಟ್ಟುಕೊ.

ಪ್ರಶ್ನೆ: ಅಂಗಡಿಯಲ್ಲಿ ವಾಸ್ತುವಿಗೆ ಅಂತ ಫ್ಲವರ್‌ಹಾರ್ನ್ ಇಟ್ಟಿದ್ದೇನೆ. ಮೂರಡಿ ಟ್ಯಾಂಕ್. ಒಂಟಿ ಅನ್ನಿಸಿ ಒಂದು ಪ್ಯಾರೆಟ್ ಮೀನು ತಂದು ಬಿಟ್ಟೆ. ಬೆಳಗ್ಗೆಗೆ ಅದರ ರೆಕ್ಕೆ ಇರಲಿಲ್ಲ. ಯಾವ ಜೊತೆ ಹಾಕಲಿ?
– ವ್ಯಾಪಾರಿ, ಬಂಗಾರಪೇಟೆ

ಉತ್ತರ: ಯಾವ ಜೊತೆಯೂ ಬೇಡ ಸ್ವಾಮಿ. ಫ್ಲವರ್‌ಹಾರ್ನ್ ಯಾವ ಹೊಳೆಯಲ್ಲೂ ಹುಟ್ಟಿದ್ದಲ್ಲ. 1990ರ ದಶಕದಲ್ಲಿ ಮಲೇಷ್ಯಾದಲ್ಲಿ ಮಧ್ಯ ಅಮೆರಿಕದ ಸಿಕ್ಲಿಡ್‌ಗಳನ್ನು ಬೆರೆಸಿ ಮಾಡಿದ ಮೀನು. ಹತ್ತು ಹನ್ನೆರಡು ಇಂಚು ಬೆಳೆಯುತ್ತದೆ. ಎದುರು ಕಂಡದ್ದನ್ನೆಲ್ಲ ಕಚ್ಚುತ್ತದೆ, ಒರೆಸುವ ನಿಮ್ಮ ಕೈಯನ್ನೂ ಬಿಡುವುದಿಲ್ಲ. ಪ್ಯಾರೆಟ್ ಕೂಡ ಬೆರಕೆಯೇ, ಪಾಪ ಅದರ ಬಾಯಿ ಸರಿಯಾಗಿ ಮುಚ್ಚುವುದೂ ಇಲ್ಲ, ತಿರುಗಿ ಕಚ್ಚುವುದೆಲ್ಲಿ ಬಂತು? ಅದನ್ನು ಬೇರೆ ಟಬ್ಬಿಗೆ ಹಾಕಿ, ನೀರು ಚೊಕ್ಕ ಇಟ್ಟರೆ ರೆಕ್ಕೆ ಮತ್ತೆ ಬರುತ್ತದೆ. ನಿಮ್ಮ ಫ್ಲವರ್‌ಹಾರ್ನ್ ಪೂರ್ತಿ ಬೆಳೆಯುವ ಹೊತ್ತಿಗೆ ನಾಲ್ಕಡಿ ಟ್ಯಾಂಕ್ ಮಾಡಿಸಿ. ತಲೆಯ ಮೇಲಿನ ಗುಬಟೆಯಿಂದ ವ್ಯಾಪಾರ ಏರುತ್ತಾ ಅನ್ನುವುದು ನನಗೆ ಬಿಟ್ಟ ವಿಷಯ ಅಲ್ಲ. ನಿಮ್ಮ ಬೋರ್ ನೀರು ಅದಕ್ಕೆ ಸರಿಹೋಗುತ್ತದೆ, ಅಷ್ಟು ಹೇಳಬಲ್ಲೆ.

ಪ್ರಶ್ನೆ: ಅಂಕಲ್, ನಾನು 8ನೇ ಕ್ಲಾಸು. ನಮ್ಮೂರ ಕೆರೆಯಲ್ಲಿ ಜಿಲೇಬಿ ಮೀನಿನ ಮರಿ ಹಿಡಿದು ಬಕೆಟ್ಟಿನಲ್ಲಿ ಇಟ್ಟಿದ್ದೇನೆ. ಅದನ್ನು ಅಕ್ವೇರಿಯಂನಲ್ಲಿ ಸಾಕಬಹುದಾ?
– ಮುಳಬಾಗಿಲು ತಾಲ್ಲೂಕು

ಉತ್ತರ: ಪುಟ್ಟ, ನೀನು ಹಿಡಿದಿರುವುದೂ ಸಿಕ್ಲಿಡ್ಡೇ, ಗೊತ್ತಾ? ಜಿಲೇಬಿ ಅಂದರೆ ತಿಲಾಪಿಯಾ. ಊರು ಆಫ್ರಿಕಾ. 1952ರಲ್ಲಿ ಭಾರತಕ್ಕೆ ತಂದರು. ಈಗ ಅದಿಲ್ಲದ ಕೆರೆ ಹುಡುಕುವುದೇ ಕಷ್ಟ. ಯಾವ ನೀರಾದರೂ ಬದುಕುತ್ತದೆ, ಬೇಗ ಬೆಳೆಯುತ್ತದೆ, ಮರಿ ಹಾಕುತ್ತಲೇ ಇರುತ್ತದೆ. ಅಕ್ವೇರಿಯಂನಲ್ಲಿ ಒಂದು ವರ್ಷಕ್ಕೇ ಜಾಗ ಸಾಲದಾಗುತ್ತದೆ. ಹೊರಗೆ ಸಿಮೆಂಟು ತೊಟ್ಟಿ ಇದ್ದರೆ ಅಲ್ಲಿ ಹಾಕಿಕೊ. ಕೆರೆಯ ನೀರನ್ನು ಮನೆಯ ಟ್ಯಾಂಕಿಗೆ ಸುರಿಯಬೇಡ, ಹುಳ, ರೋಗ ಎಲ್ಲ ಜೊತೆಗೇ ಬರುತ್ತವೆ. ಮನೆಯ ಟ್ಯಾಂಕಿನ ಮೀನನ್ನು ಕೆರೆಗೂ ಬಿಡಬೇಡ. ಜಿಲೇಬಿ ನಮ್ಮ ಕೆರೆಗಳಿಗೆ ಏನು ಮಾಡಿದೆ ಅಂತ ನಿಮ್ಮ ತಾತನನ್ನು ಕೇಳು. ಅವರು ಚಿಕ್ಕವರಿದ್ದಾಗ ಯಾವ ಯಾವ ಮೀನು ಹಿಡಿಯುತ್ತಿದ್ದರು ಅಂತ ಪಟ್ಟಿ ಬರೆದು ನನಗೆ ಕಳಿಸು.

ನಿನಗೆ ಸಾಕಲೇಬೇಕು ಅಂತಿದ್ದರೆ ಆರೆಂಜ್ ಕ್ರೋಮೈಡ್ ಕೇಳು. ಮೂರು ಇಂಚಿನ ಮೀನು, ಕಿತ್ತಳೆ ಮೈಮೇಲೆ ಸಣ್ಣ ಕೆಂಪು ಚುಕ್ಕೆ. ಅದು ನಮ್ಮ ದೇಶದ್ದೇ ಸಿಕ್ಲಿಡ್. ಸಿಕ್ಲಿಡ್‌ಗಳಲ್ಲಿ ಭಾರತದವು ಮೂರೇ ಬಗೆ. ಇದೊಂದು, ಕೇರಳದವರು ಬಾಳೆಲೆಯಲ್ಲಿ ಸುಟ್ಟು ತಿನ್ನುವ ಕರಿಮೀನ್ ಒಂದು, ದಕ್ಷಿಣ ಕನ್ನಡದ ಹೊಳೆಗಳಲ್ಲಿರುವ ಇನ್ನೊಂದು ಬಗೆ ಕರಿಮೀನ್ ಒಂದು. ಆ ಮೂರನೆಯದು ಅಳಿವಿನಂಚಿನಲ್ಲಿದೆ, ಅದರ ತಂಟೆಗೆ ಹೋಗಬೇಡ. ಕ್ರೋಮೈಡ್‌ಗೆ ನಮ್ಮ ಗಡಸು ನೀರು ಚೆನ್ನಾಗಿಯೇ ಹೊಂದುತ್ತದೆ. ಮೂರಡಿ ಟ್ಯಾಂಕಿಗೆ ಆರು ಸಾಕು.

ಪ್ರಶ್ನೆ: ಹೋದ ವರ್ಷ ನಿಮ್ಮ ಅಂಕಣ ಓದಿ ಯೆಲ್ಲೋ ಲ್ಯಾಬ್ ತಂದಿದ್ದೆ. ಒಂದು ಮೀನು ಆರು ದಿನದಿಂದ ಏನೂ ತಿಂದಿಲ್ಲ. ಕಲ್ಲಿನ ಹಿಂದೆ ಅಡಗಿ ಕೂತಿದೆ. ಗಂಟಲ ಕೆಳಗೆ ಊದಿಕೊಂಡಿದೆ. ಅಂಗಡಿಯಲ್ಲಿ ಕೇಳಿದರೆ ನೀಲಿ ಔಷಧಿ ಕೊಟ್ಟರು. ಹಾಕಲಾ?
– ನಿವೃತ್ತ ಶಿಕ್ಷಕಿ, ಚಿಕ್ಕಬಳ್ಳಾಪುರ

ಉತ್ತರ: ಮೇಡಂ, ಆ ಬಾಟಲಿಯ ಮುಚ್ಚಳ ತೆಗೆಯಬೇಡಿ. ಮೊದಲು ಒಂದು ಸಲ ಟ್ಯಾಂಕಿನ ಮುಂದೆ ಕುರ್ಚಿ ಹಾಕಿಕೊಂಡು ಹತ್ತು ನಿಮಿಷ ನೋಡಿ. ಹೊಟ್ಟೆ ಊದಿದ್ದರೆ, ಬಿಳಿ ದಾರದ ಹಾಗೆ ಹೇಲು ನೇತಾಡುತ್ತಿದ್ದರೆ ಅದು ಉಬ್ಬರದ ಕಾಯಿಲೆ. ಹೊಟ್ಟೆ ಚಪ್ಪಟೆಯಾಗಿದ್ದು ದವಡೆಯ ಕೆಳಗೆ ಮಾತ್ರ ಚೀಲದ ಹಾಗೆ ಇಳಿಬಿದ್ದಿದೆಯಾ? ಆಗಾಗ ಬಾಯಿ ಮುಕ್ಕಳಿಸಿದ ಹಾಗೆ ಮಾಡುತ್ತಿದೆಯಾ? ಹಾಗಿದ್ದರೆ ಅಭಿನಂದನೆ, ಬಾಯಿಯಲ್ಲಿ ಮೊಟ್ಟೆ ಇದೆ.

ಗಂಡಿನ ಅಡಿಯ ರೆಕ್ಕೆಯ ಮೇಲೆ ಹಳದಿ ಚುಕ್ಕೆಗಳಿರುತ್ತವೆ, ಥೇಟ್ ಮೊಟ್ಟೆಯ ಹಾಗೆ. ಹೆಣ್ಣು ಮೊಟ್ಟೆ ಇಟ್ಟು ತಕ್ಷಣ ತಿರುಗಿ ಬಾಯಿಗೆ ತೆಗೆದುಕೊಳ್ಳುತ್ತದೆ. ಆಮೇಲೆ ಗಂಡಿನ ರೆಕ್ಕೆಯ ಚುಕ್ಕೆ ಕಂಡು ಅಯ್ಯೋ ಇನ್ನೂ ಎರಡು ಬಿಟ್ಟೆನಲ್ಲ ಅಂತ ಅದಕ್ಕೂ ಬಾಯಿ ಹಾಕುತ್ತದೆ. ಆಗ ಗಂಡಿನ ವೀರ್ಯ ಬಾಯೊಳಗೇ ಸೇರುತ್ತದೆ. ಅಲ್ಲಿಂದ ಸುಮಾರು ಮೂರು ವಾರ ತಾಯಿಗೆ ಊಟ ಇಲ್ಲ. ನಿಮ್ಮದು ಆರು ದಿನ ಅಂದಿರಿ, ಇನ್ನು ಹದಿನೈದು ದಿನ ಇದೆ.

ಹೆದರಿಸಬೇಡಿ, ಬಲೆ ಹಾಕಬೇಡಿ. ಗಾಬರಿಯಾದರೆ ಉಗಿದುಬಿಡುತ್ತದೆ, ಇಲ್ಲವೇ ನುಂಗುತ್ತದೆ. ನಾನು ಮೊದಲ ಸಲ ಬ್ಯಾಟರಿ ಬಿಟ್ಟು ಬಿಟ್ಟು ಬಾಯೊಳಗೆ ಇಣುಕಿ ನೋಡಿದೆ, ಮರುದಿನ ಬೆಳಗ್ಗೆ ಗಂಟಲು ಚಪ್ಪಟೆ. ಸುಮ್ನೆ ಲೈಟು ಕಡಿಮೆ ಮಾಡಿ. ಹದಿನೆಂಟನೇ ದಿನ ದಾಟಿದ ಮೇಲೆ, ರಾತ್ರಿ ಲೈಟು ಆರಿಸಿ ಅರ್ಧ ಗಂಟೆ ಬಿಟ್ಟು, ಮೆಲ್ಲಗೆ ಒಂದು ದೊಡ್ಡ ಮಗ್ಗಿನಲ್ಲಿ ನೀರಿನ ಸಮೇತ ಎತ್ತಿ ಬೇರೆ ತೊಟ್ಟಿಗೆ ಬಿಡಿ. ಆ ತೊಟ್ಟಿಗೆ ಇದೇ ಟ್ಯಾಂಕಿನ ನೀರು ತುಂಬಿ, ಒಂದು ಸ್ಪಂಜ್ ಫಿಲ್ಟರ್ ಹಾಕಿ, ಅಡಗಲು ಒಂದು ಮಡಕೆ ಚೂರು ಇಡಿ. ಮರಿಗಳು ಹೊರಗೆ ಬಂದಾಗ ಒಂದೊಂದೂ ಅಕ್ಕಿಕಾಳಿಗಿಂತ ತುಸು ಉದ್ದ ಇರುತ್ತವೆ. ಸ್ಪಿರುಲಿನಾ ಕಾಳನ್ನು ಬೆರಳಲ್ಲಿ ಹಿಟ್ಟಿನಂತೆ ಪುಡಿ ಮಾಡಿ ಹಾಕಿ, ಅಂದೇ ತಿನ್ನುತ್ತವೆ. ತಾಯಿಗೆ ನಾಲ್ಕು ದಿನ ಬೇರೆಯಾಗಿ ಊಟ ಹಾಕಿ, ಮೈ ತುಂಬಿದ ಮೇಲೆ ದೊಡ್ಡ ಟ್ಯಾಂಕಿಗೆ ಬಿಡಿ.

ಯೆಲ್ಲೋ ಲ್ಯಾಬ್ ಮೊದಲ ಸಲಕ್ಕೆ ಹತ್ತು ಮರಿ ಕೊಟ್ಟರೂ ಹೆಚ್ಚು. ನಿಮ್ಮದು ಎಷ್ಟು ಅಂತ ಎಣಿಸಿ ಒಂದು ಕಾರ್ಡು ಹಾಕಿ. ಮಾಲೂರಿನ ಆ ತಾಯಿಗೆ ಆರು ಮರಿ ಬೇಕಿದೆ, ಟ್ಯಾಂಕು ರೆಡಿಯಾಗುವ ಹೊತ್ತಿಗೆ ನಿಮ್ಮ ಮರಿಗಳೂ ಒಂದಿಷ್ಟು ಬೆಳೆದಿರುತ್ತವೆ.